ಹಾನ್ಲೆಯ ಕತ್ತಲಲ್ಲಿ ಮೊದಲ ಸಲ ಆಕಾಶದ ಫೋಟೋ

ಲಡಾಖ್‌ನ ಹಾನ್ಲೆ ಹಳ್ಳಿಯಲ್ಲಿ ರಾತ್ರಿ ಮನೆಯಿಂದ ಹೊರಗೆ ಕಾಲಿಟ್ಟಾಗ ಮೊದಲು ಏನೂ ಕಾಣುವುದಿಲ್ಲ. ಮುಂದೆ ಚಾಚಿದ ಕೈ ಕೂಡ ಕಾಣುವುದಿಲ್ಲ. ಸುಮ್ನೆ ನಿಂತುಕೊಳ್ಳಬೇಕು. ಹತ್ತು ನಿಮಿಷ ಕಳೆದ ಮೇಲೆ ಅಂಗಳದ ಗೋಡೆ ಕಾಣುತ್ತದೆ. ಇಪ್ಪತ್ತು ನಿಮಿಷಕ್ಕೆ ಕಾಲಿನ ಹತ್ತಿರದ ಕಲ್ಲುಗಳೂ ಕಾಣುತ್ತವೆ. ಚಂದ್ರ ಇಲ್ಲ, ಬೀದಿ ದೀಪ ಇಲ್ಲ. ಆ ಕಲ್ಲು ಕಾಣುತ್ತಿರುವುದು ಬರೀ ನಕ್ಷತ್ರದ ಬೆಳಕಿಗೆ. ಬೆಂಗಳೂರಿನಿಂದ ಹೋದ ನನಗೆ ಅದನ್ನು ನಂಬೋಕೆ ಸ್ವಲ್ಪ ಹೊತ್ತು ಹಿಡಿಯಿತು.

ಹೊಸದಾಗಿ ಕ್ಯಾಮೆರಾ ಹಿಡಿದವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಯಾವ ಕ್ಯಾಮೆರಾ ತಗೋಬೇಕು?" ರಾತ್ರಿ ಆಕಾಶದ ಮಟ್ಟಿಗೆ ಅದು ಮೂರನೇ ಪ್ರಶ್ನೆ. ಎಷ್ಟು ಕತ್ತಲಿದೆ ಅನ್ನುವುದು ಮೊದಲನೆಯದು. ಯಾವ ದಿನ, ಯಾವ ಹೊತ್ತು ಅನ್ನುವುದು ಎರಡನೆಯದು. ಇವೆರಡೂ ಸರಿ ಇದ್ದರೆ ಹತ್ತು ವರ್ಷ ಹಳೆಯ ಕ್ಯಾಮೆರಾದಲ್ಲೂ ಆಕಾಶಗಂಗೆ ಬರುತ್ತದೆ. ಇವು ಸರಿ ಇಲ್ಲದಿದ್ದರೆ ಎಷ್ಟು ಲಕ್ಷದ ಕ್ಯಾಮೆರಾ ತಂದರೂ ಕಿತ್ತಳೆ ಬಣ್ಣದ ಮಬ್ಬೇ ಗತಿ.

ಹಾನ್ಲೆ ಇರುವುದು ಲಡಾಖ್‌ನ ಪೂರ್ವದಂಚಿನಲ್ಲಿ, ಚಾಂಗ್‌ಥಾಂಗ್ ಎಂಬ ಶೀತ ಮರುಭೂಮಿಯಲ್ಲಿ. ಮರುಭೂಮಿ ಅಂದ ಕೂಡಲೇ ನಮಗೆ ರಾಜಸ್ಥಾನದ ಮರಳು ನೆನಪಾಗುತ್ತದೆ, ಅಲ್ವಾ? ಇಲ್ಲಿ ಮರಳಿಗಿಂತ ಕಲ್ಲು, ಮಣ್ಣು, ಬೋಳು ಗುಡ್ಡಗಳೇ ಜಾಸ್ತಿ. ಹೆಚ್ಚಿನ ಮಳೆಮೋಡವನ್ನು ಹಿಮಾಲಯ ಆಚೆ ಬದಿಯಲ್ಲೇ ತಡೆಯುತ್ತದೆ. ಹಾಗಾಗಿ ಇಲ್ಲಿ ಗಾಳಿ ತುಂಬಾ ಒಣ. ಹಳ್ಳಿ ಇರುವ ಎತ್ತರ ಸುಮಾರು 4,300 ಮೀಟರ್. ಪಕ್ಕದ ಸರಸ್ವತಿ ಬೆಟ್ಟದ ಮೇಲೆ, 4,500 ಮೀಟರ್ ಎತ್ತರದಲ್ಲಿ, ಭಾರತೀಯ ಖಗೋಳ ವೀಕ್ಷಣಾಲಯ ಇದೆ. ಅಷ್ಟು ಎತ್ತರಕ್ಕೆ ಹೋದರೆ ವಾತಾವರಣದ ಗಾಳಿಯಲ್ಲಿ ನೂರಕ್ಕೆ ಸುಮಾರು 40 ಭಾಗ ನಮ್ಮ ಕಾಲ ಕೆಳಗೇ ಉಳಿದಿರುತ್ತದೆ. ನಕ್ಷತ್ರದ ಬೆಳಕು ದಾಟಿ ಬರಬೇಕಾದ ಗಾಳಿ ಕಡಿಮೆ, ಅದರಲ್ಲಿರುವ ನೀರಾವಿ, ಧೂಳು ಇನ್ನೂ ಕಡಿಮೆ. ಅಲ್ಲಿ ಆಕಾಶ ಅಷ್ಟು ಕಪ್ಪಗೆ ಕಾಣುವುದಕ್ಕೆ ಇದೂ ಒಂದು ಕಾರಣ.

ಈ ಜಾಗಕ್ಕೂ ನಮಗೂ ಒಂದು ನಂಟಿದೆ. ವೀಕ್ಷಣಾಲಯ ನಡೆಸುವುದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಅಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು (ಹೆಸರು ಬಂದಿದ್ದು ವಿಜ್ಞಾನಿ ಎಸ್. ಚಂದ್ರಶೇಖರ್ ಅವರಿಂದ) ಉಪಗ್ರಹ ಸಂಪರ್ಕದ ಮೂಲಕ ತಿರುಗಿಸುವುದು ಹೊಸಕೋಟೆಯ ಹತ್ತಿರದ ಕೇಂದ್ರದಿಂದ. ಹೊಸಕೋಟೆಯಲ್ಲಿ ಕುಳಿತವರು ಹಾನ್ಲೆಯ ಕತ್ತಲನ್ನು ನೋಡುತ್ತಾರೆ! 2022ರ ಡಿಸೆಂಬರ್‌ನಲ್ಲಿ ಈ ಸುತ್ತಿನ 1,073 ಚದರ ಕಿ.ಮೀ. ಜಾಗವನ್ನು ದೇಶದ ಮೊದಲ ಕತ್ತಲ ಆಕಾಶ ಮೀಸಲು ಪ್ರದೇಶ ಎಂದು ಲಡಾಖ್ ಆಡಳಿತ ಘೋಷಿಸಿತು. ಊರಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಕೈಗೆ ದೂರದರ್ಶಕ ಕೊಟ್ಟಿದ್ದಾರೆ. ಬಂದವರಿಗೆ ಆಕಾಶ ತೋರಿಸುವುದು ಈಗ ಅವರಿಗೊಂದು ಕೆಲಸ. ಮನೆಗಳ ಕಿಟಕಿಗೆ ದಪ್ಪ ಪರದೆ ಇರುತ್ತದೆ. ರಾತ್ರಿ ಹೈ ಬೀಮ್ ಹಾಕಿಕೊಂಡು ಗಾಡಿ ಓಡಿಸಿದರೆ ಯಾರಾದರೂ ಬಂದು ಹೇಳುತ್ತಾರೆ. ನೀವು ಹೋದಾಗ ದಯವಿಟ್ಟು ಇದನ್ನು ಪಾಲಿಸಿ. ಒಂದು ಹೆಡ್‌ಲೈಟ್ ಹತ್ತಾರು ಜನರ ಫೋಟೋ ಹಾಳು ಮಾಡುತ್ತದೆ.

ಇನ್ನು ದಿನ ಯಾವುದು ಅನ್ನುವುದು. ಇದಕ್ಕೆ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಹುಣ್ಣಿಮೆಯಲ್ಲಿ ಆಕಾಶಗಂಗೆ ಹಾನ್ಲೆಯಲ್ಲೂ ಮಂಕಾಗುತ್ತದೆ, ಅಮಾವಾಸ್ಯೆ ಬೇಕು. ಆದರೆ ಅಮಾವಾಸ್ಯೆಗೆ ಮುಂಚೆಯೋ ಆಮೇಲೆಯೋ ಅನ್ನುವುದರಲ್ಲಿ ಒಂದು ಸೂಕ್ಷ್ಮ ಇದೆ. ಎಲ್ಲರೂ ಬಯಸುವುದು ಆಕಾಶಗಂಗೆಯ ದಟ್ಟವಾದ ನಡುಭಾಗ. ನಮ್ಮ ನಕ್ಷತ್ರ ಸಮೂಹದ ಆ ಕೇಂದ್ರ ಸುಮಾರು 26 ಸಾವಿರ ಬೆಳಕಿನ ವರ್ಷ ದೂರದಲ್ಲಿದೆ. ಅದನ್ನು ಹುಡುಕುವುದು ಸುಲಭ. ದಕ್ಷಿಣಕ್ಕೆ ತಿರುಗಿ. ಕೆಂಪಗೆ ಹೊಳೆಯುವ ಜ್ಯೇಷ್ಠಾ ಸಿಗುತ್ತದೆ. ಅಲ್ಲಿಂದ ವೃಶ್ಚಿಕ ರಾಶಿಯ ಚೇಳಿನ ಬಾಲ ಹಿಡಿದು ಕೆಳಗೆ ಹೋದರೆ ಕೊಂಡಿಯಲ್ಲಿ ಮೂಲಾ. ಮೂಲಾದಿಂದ ಮೇಲಕ್ಕೆ, ಸ್ವಲ್ಪ ಎಡಕ್ಕೆ, ಧನು ರಾಶಿಯ ಕಡೆಗೆ ಬಂದರೆ ಅದೇ ನಡುಭಾಗ. ಪಂಚಾಂಗದಲ್ಲಿ ದಿನಾ ಓದುವ ಹೆಸರುಗಳು ಎದುರಿಗೇ ನಿಂತಿರುತ್ತವೆ.

ಜೂನ್‌ನಲ್ಲಿ ಈ ಭಾಗ ನಡುರಾತ್ರಿಗೆ ದಕ್ಷಿಣದಲ್ಲಿ ಎತ್ತರಕ್ಕೆ ಬರುತ್ತದೆ. ಹಾಗಾಗಿ ಶುಕ್ಲ ಪಕ್ಷದ ಮೊದಲ ನಾಲ್ಕೈದು ದಿನವೂ ನಡೆಯುತ್ತದೆ. ಎಳೆ ಚಂದ್ರ ಬೇಗ ಮುಳುಗುತ್ತಾನೆ, ಉಳಿದ ರಾತ್ರಿ ನಮ್ಮದು. ಸೆಪ್ಟೆಂಬರ್ ಹಾಗಲ್ಲ. ಆಗ ಕತ್ತಲಾಗುವ ಹೊತ್ತಿಗೇ ನಡುಭಾಗ ನೈಋತ್ಯಕ್ಕೆ ವಾಲಿರುತ್ತದೆ, ರಾತ್ರಿ ಹತ್ತು ಹನ್ನೊಂದರ ಹೊತ್ತಿಗೆ ಮುಳುಗುತ್ತದೆ. ಶುಕ್ಲ ಪಕ್ಷದ ಚಂದ್ರ ಅದೇ ಹೊತ್ತಿಗೆ ಅಲ್ಲೇ ಬಂದು ಕೂರುತ್ತಾನೆ. ಸೆಪ್ಟೆಂಬರ್‌ನಲ್ಲಿ ಹೋಗುವವರು ಅಮಾವಾಸ್ಯೆಗೆ ಮುಂಚಿನ ವಾರವನ್ನೇ ಹಿಡಿಯಬೇಕು. ಜುಲೈ, ಆಗಸ್ಟ್‌ನಲ್ಲಿ ಅಲ್ಲೂ ಸ್ವಲ್ಪ ಮೋಡದ ಕಾಟ ಇರುತ್ತದೆ.

ಈಗ ಕ್ಯಾಮೆರಾ. ಕಣ್ಣಿಗೂ ಕ್ಯಾಮೆರಾಕ್ಕೂ ಇರುವ ದೊಡ್ಡ ವ್ಯತ್ಯಾಸ ಒಂದೇ. ಕಣ್ಣು ಬೆಳಕನ್ನು ಕೂಡಿಡುವುದಿಲ್ಲ. ಹಳೆಯದನ್ನು ಬಿಟ್ಟು ಕ್ಷಣ ಕ್ಷಣಕ್ಕೂ ಹೊಸದನ್ನು ನೋಡುತ್ತದೆ. ಕ್ಯಾಮೆರಾ ಕೂಡಿಡುತ್ತದೆ. ಬೇಸಿಗೆಯಲ್ಲಿ ನಲ್ಲಿಯಿಂದ ತೊಟ್ಟು ತೊಟ್ಟಾಗಿ ಬರುವ ನೀರಿಗೆ ಬಿಂದಿಗೆ ಇಡುತ್ತೇವಲ್ಲ, ಹಾಗೆ. ಐದು ನಿಮಿಷಕ್ಕೆ ನೋಡಿದರೆ ತಳ ಒದ್ದೆಯಾಗಿರುತ್ತದೆ ಅಷ್ಟೆ. ಬೆಳಿಗ್ಗೆ ನೋಡಿದರೆ ಬಿಂದಿಗೆ ತುಂಬಿರುತ್ತದೆ. ನಕ್ಷತ್ರದ ಬೆಳಕು ಆ ತೊಟ್ಟು. ಶಟರ್, ಅಂದರೆ ಬೆಳಕನ್ನು ಒಳಗೆ ಬಿಡುವ ಬಾಗಿಲು, ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದು ಬಿಂದಿಗೆ ಇಟ್ಟ ಸಮಯ.

ಅಪರ್ಚರ್ ಅಂದರೆ ಲೆನ್ಸಿನ ಕಿಂಡಿಯ ಅಗಲ. ಇದು ಮಳೆಗೆ ಇಟ್ಟ ಪಾತ್ರೆಯ ಬಾಯಿ ಇದ್ದ ಹಾಗೆ. ಚೊಂಬು ಇಟ್ಟರೆ ಸ್ವಲ್ಪ, ಪರಾತ ಇಟ್ಟರೆ ಜಾಸ್ತಿ. ಗೊಂದಲ ಆಗುವುದು ಅದರ ಅಂಕಿಯಲ್ಲಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕ್ಯಾಮೆರಾ ಜೊತೆ ಬರುವ ಲೆನ್ಸಿನಲ್ಲಿ ಸಾಮಾನ್ಯವಾಗಿ ಎಫ್ 3.5 ಇರುತ್ತದೆ. ಎಫ್ 1.8 ಲೆನ್ಸ್ ಅದಕ್ಕಿಂತ ಹೆಚ್ಚು ಕಡಿಮೆ ನಾಲ್ಕು ಪಟ್ಟು ಬೆಳಕು ತಗೊಳ್ಳುತ್ತದೆ. ದುಡ್ಡು ಹಾಕುವುದೇ ಆದರೆ ಕ್ಯಾಮೆರಾಕ್ಕಿಂತ ಮೊದಲು ಇಂಥ ಅಗಲ ಕಿಂಡಿಯ, ಅಗಲ ನೋಟದ ಲೆನ್ಸಿಗೆ ಹಾಕಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಶಟರ್ ಅರ್ಧ ಗಂಟೆ ತೆರೆದಿಟ್ಟರೆ ಆಯ್ತಲ್ಲ? ಆಗುವುದಿಲ್ಲ. ಭೂಮಿ ತಿರುಗುತ್ತಿದೆ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಹುಣ್ಣಿಮೆ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಅಂದರೆ ಎರಡೇ ನಿಮಿಷದಲ್ಲಿ ಆಕಾಶ ಒಂದು ಚಂದ್ರನಷ್ಟು ಜರುಗಿರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಬೆಳಕು ಕೂಡಿಡುತ್ತಾ ಕುಳಿತ ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಚುಕ್ಕಿ ಇರಬೇಕಾದ ಕಡೆ ಗೆರೆ ಬರುತ್ತದೆ.

ಎಷ್ಟು ಸೆಕೆಂಡಿನವರೆಗೆ ಚುಕ್ಕಿ ಚುಕ್ಕಿಯಾಗಿಯೇ ಇರುತ್ತದೆ ಅನ್ನುವುದಕ್ಕೆ ಒಂದು ಸುಲಭದ ಲೆಕ್ಕ ಇದೆ. 500ನ್ನು ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಫೋಕಲ್ ಲೆಂಗ್ತ್‌ನಿಂದ ಭಾಗಿಸಿ. ದೊಡ್ಡ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಇರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 20 ಮಿ.ಮೀ. ಲೆನ್ಸ್ ಇದ್ದರೆ 25 ಸೆಕೆಂಡ್. ಹೆಚ್ಚಿನವರ ಹತ್ತಿರ ಇರುವುದು ಚಿಕ್ಕ ಸೆನ್ಸರಿನ ಕ್ಯಾಮೆರಾ. ಅದಕ್ಕೆ ಮೊದಲು ಫೋಕಲ್ ಲೆಂಗ್ತನ್ನು 1.5ರಿಂದ ಗುಣಿಸಬೇಕು. 18 ಮಿ.ಮೀ. ಇದ್ದರೆ 27 ಆಯಿತು, 500ನ್ನು 27ರಿಂದ ಭಾಗಿಸಿದರೆ ಹದಿನೆಂಟು ಸೆಕೆಂಡ್ ಚಿಲ್ಲರೆ. ಹೊಸ ಕ್ಯಾಮೆರಾಗಳಲ್ಲಿ ಪಿಕ್ಸೆಲ್ ತುಂಬಾ ಚಿಕ್ಕವು, ಸಣ್ಣ ಜರುಗಾಟವೂ ಕಾಣುತ್ತದೆ. ಹಾಗಾಗಿ ನಾನು 15 ಸೆಕೆಂಡಿಗೇ ನಿಲ್ಲಿಸುತ್ತೇನೆ. ಒಂದು ಫೋಟೋ ತೆಗೆದು, ಪರದೆಯ ಮೇಲೆ ಪೂರ್ತಿ ಝೂಮ್ ಮಾಡಿ ನೋಡಿ. ಅಕ್ಕಿಕಾಳಿನ ಹಾಗೆ ಉದ್ದ ಕಂಡರೆ ಇನ್ನೂ ಎರಡು ಮೂರು ಸೆಕೆಂಡ್ ಕಡಿಮೆ ಮಾಡಿ. ಉತ್ತರಕ್ಕೆ ತಿರುಗಿದಾಗ ಸ್ವಲ್ಪ ಜಾಸ್ತಿ ಇಟ್ಟರೂ ನಡೆಯುತ್ತದೆ. ಧ್ರುವ ನಕ್ಷತ್ರದ ಹತ್ತಿರದವು ನಿಧಾನಕ್ಕೆ ಚಲಿಸುತ್ತವೆ.

ಮೂರನೆಯದು ಐಎಸ್‌ಒ. ಇದು ಬೆಳಕನ್ನು ಹೆಚ್ಚು ಮಾಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಒಂದು ತೊಟ್ಟೂ ಹೆಚ್ಚು ಮಾಡುವುದಿಲ್ಲ. ಕೂಡಿಟ್ಟ ಬೆಳಕನ್ನು ಎತ್ತಿ ತೋರಿಸುತ್ತದೆ ಅಷ್ಟೆ. ಊರ ಜಾತ್ರೆಯ ಮೈಕಿನ ವಾಲ್ಯೂಮ್ ತಿರುಗಿಸಿದರೆ ಹಾಡು ಜೋರಾಗುತ್ತದೆ, ಅದರ ಗೊರಗೊರ ಸದ್ದೂ ಜೋರಾಗುತ್ತದೆ. ಫೋಟೋದಲ್ಲಿ ಆ ಗೊರಗೊರವೇ ಕಾಳುಕಾಳಾಗಿ ಕಾಣುವ ನಾಯ್ಸ್. ಹಾನ್ಲೆಯಂಥ ಕತ್ತಲಲ್ಲಿ ಎಫ್ 3.5, 15 ಸೆಕೆಂಡ್, ಐಎಸ್‌ಒ 6400ರಿಂದ ಶುರು ಮಾಡಿ. ಎಫ್ 1.8 ಲೆನ್ಸ್ ಇದ್ದರೆ 1600 ಸಾಕು. ಸೆನ್ಸರ್ ಕಂಡಿದ್ದನ್ನೆಲ್ಲ ಹಾಗೇ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ. ಜೆಪೆಗ್‌ನಲ್ಲಿ ಕ್ಯಾಮೆರಾ ತನಗೆ ಬೇಡ ಅನಿಸಿದ್ದನ್ನು ಬಿಸಾಕಿಬಿಡುತ್ತದೆ. ರಾತ್ರಿ ಆಕಾಶದಲ್ಲಿ ಹಾಗೆ ಬಿಸಾಕಿದ್ದೇ ನಮಗೆ ಬೇಕಾದ್ದು.

ಇಷ್ಟೆಲ್ಲ ಸರಿ ಮಾಡಿಕೊಂಡೇ ನಾನು ಮೊದಲ ರಾತ್ರಿ ನಿಂತಿದ್ದೆ. ನೂರಕ್ಕೂ ಜಾಸ್ತಿ ಫೋಟೋ ತೆಗೆದೆ. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಎಲ್ಲವೂ ಚೆನ್ನಾಗಿದ್ದವು. ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ತೆರೆದರೆ ಒಂದೊಂದು ನಕ್ಷತ್ರವೂ ಸಣ್ಣ ಬೊಂಡದ ಹಾಗೆ ಊದಿಕೊಂಡಿತ್ತು. ಲೆನ್ಸಿನ ಮೇಲೆ ಬರೆದ, ತುಂಬಾ ದೂರದ್ದಕ್ಕೆಂದು ಇರುವ ಅನಂತದ (∞) ಗುರುತಿಗೆ ಫೋಕಸ್ ರಿಂಗ್ ತಿರುಗಿಸಿ ಬಿಟ್ಟಿದ್ದೆ. ಆ ಗುರುತನ್ನು ನಂಬಬಾರದು. ತುಂಬಾ ಲೆನ್ಸ್‌ಗಳು ಅನಂತವನ್ನೂ ದಾಟಿ ಒಂದಿಷ್ಟು ಮುಂದಕ್ಕೆ ತಿರುಗುತ್ತವೆ. ಚಳಿಗೆ ಲೆನ್ಸಿನ ಒಳಗೂ ಕೂದಲೆಳೆಯಷ್ಟು ವ್ಯತ್ಯಾಸ ಆಗುತ್ತದೆ. ಅಷ್ಟು ಸಾಕು, ಇಡೀ ರಾತ್ರಿ ಹೋಗುತ್ತದೆ.

ಅದಕ್ಕೇ ಫೋಕಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಆಟೋ ಫೋಕಸ್ ಆಫ್ ಮಾಡಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಗಟ್ಟಿಯಾಗಿ ಕೂರಿಸಿ. ಆಕಾಶದಲ್ಲಿ ಕಾಣುವ ಅತಿ ಹೊಳೆಯುವ ನಕ್ಷತ್ರದ ಕಡೆ ತಿರುಗಿಸಿ. ಜೂನ್ ರಾತ್ರಿಗಳಲ್ಲಿ ಸ್ವಾತಿ ಅಥವಾ ಅಭಿಜಿತ್ ಒಳ್ಳೆಯದು. ಲೆನ್ಸ್ ನೋಡುವುದನ್ನು ನೇರವಾಗಿ ಪರದೆಯಲ್ಲಿ ತೋರಿಸುವ ಲೈವ್ ವ್ಯೂ ಹಾಕಿ, ಪರದೆಯ ಮೇಲೆ ಆ ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ. ಲೆನ್ಸನ್ನು ಝೂಮ್ ಮಾಡಬೇಡಿ, ಚಿತ್ರವನ್ನು ಮಾತ್ರ. ಈಗ ಉಸಿರು ಹಿಡಿದು ಫೋಕಸ್ ರಿಂಗನ್ನು ಕೂದಲಷ್ಟು ಕೂದಲಷ್ಟು ತಿರುಗಿಸಿ. ಊದಿದ ಚುಕ್ಕಿ ಚಿಕ್ಕದಾಗುತ್ತಾ ಬರುತ್ತದೆ, ಸೂಜಿಯ ಮೊನೆಯಷ್ಟಾಗುತ್ತದೆ, ದಾಟಿದರೆ ಮತ್ತೆ ಊದುತ್ತದೆ. ಹಿಂದಕ್ಕೆ ಬನ್ನಿ. ಅದು ಅತಿ ಚಿಕ್ಕದಾದ ಜಾಗದಲ್ಲೇ ನಿಲ್ಲಿಸಿ. ಸರಿಯಾದ ಜಾಗ ಸಿಕ್ಕಾಗ ಪಕ್ಕದಲ್ಲಿ ಅಲ್ಲಿಯವರೆಗೆ ಕಾಣದಿದ್ದ ಪುಟ್ಟ ನಕ್ಷತ್ರಗಳು ಒಮ್ಮೆಗೇ ಮೂಡುತ್ತವೆ. ಅದೇ ಗುರುತು. ಆಮೇಲೆ ರಿಂಗಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿಬಿಡಿ. ಗಂಟೆಗೊಮ್ಮೆ ಮತ್ತೆ ನೋಡಿ.

ಪರದೆಯ ಬೆಳಕನ್ನೂ ಪೂರ್ತಿ ಇಳಿಸಿಬಿಡಿ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಕಪ್ಪಾಗಿ ಬಂದ ಫೋಟೋ ಕೂಡ ಝಗಮಗ ಅನ್ನುತ್ತದೆ. ಫೋಟೋದಲ್ಲಿ ಕತ್ತಲೆಷ್ಟು, ಬೆಳಕೆಷ್ಟು ಅಂತ ತೋರಿಸುವ ನಕ್ಷೆ, ಹಿಸ್ಟೋಗ್ರಾಮ್, ಸುಳ್ಳು ಹೇಳುವುದಿಲ್ಲ. ಗುಡ್ಡೆ ಪೂರ್ತಿ ಎಡಗೋಡೆಗೆ ಅಂಟಿಕೊಂಡಿದ್ದರೆ ಬೆಳಕು ಸಾಲದು, ಸ್ವಲ್ಪ ಬಲಕ್ಕೆ ಸರಿದಿದ್ದರೆ ಸರಿ. ಬೆರಳಿಂದ ಬಟನ್ ಒತ್ತಿದಾಗ ಕ್ಯಾಮೆರಾ ನಡುಗುತ್ತದೆ, ಅದಕ್ಕೆ ಎರಡು ಸೆಕೆಂಡಿನ ಟೈಮರ್ ಇಡಿ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ. ಮಂದ ಕೆಂಪು ಬೆಳಕು ಕಣ್ಣಿನ ಕತ್ತಲ ನೋಟವನ್ನು ಅಷ್ಟಾಗಿ ಕೆಡಿಸುವುದಿಲ್ಲ. ಬಿಳಿ ಬೆಳಕು ಒಮ್ಮೆ ಬಿದ್ದರೆ ಇನ್ನೊಂದು ಇಪ್ಪತ್ತು ನಿಮಿಷ ಕಾಯಬೇಕು.

ನೀವು ಹಾನ್ಲೆಯಲ್ಲಿ ತೆಗೆದ ಮೊದಲ ಒಳ್ಳೆಯ ಫೋಟೋದಲ್ಲಿ ಒಂದು ವಿಚಿತ್ರ ಕಾಣಬಹುದು. ದಿಗಂತದ ಮೇಲೆ ತೆಳು ಹಸಿರು ಬಣ್ಣ, ಕೆಲವೊಮ್ಮೆ ಅಲೆಅಲೆಯಾಗಿ. ಕ್ಯಾಮೆರಾ ಕೆಟ್ಟಿದೆ ಅಂತ ಹೆದರಬೇಡಿ. ಅದು ಗಾಳಿಯದೇ ಬೆಳಕು. ನೆಲದಿಂದ 90-100 ಕಿ.ಮೀ. ಮೇಲೆ ಇರುವ ಆಮ್ಲಜನಕದ ಅಣುಗಳನ್ನು ಹಗಲಿಡೀ ಬಿಸಿಲು ಒಡೆದು ಬಿಡಿ ಪರಮಾಣು ಮಾಡಿರುತ್ತದೆ. ರಾತ್ರಿ ಅವು ಮತ್ತೆ ಒಂದಾಗುವಾಗ ಬಿಟ್ಟುಕೊಡುವ ಶಕ್ತಿಯೇ ಹಸಿರಾಗಿ ಹೊಳೆಯುತ್ತದೆ. ನಮ್ಮೂರಿನ ಮೇಲೂ ಅದು ಇದೆ. ಊರ ದೀಪಗಳ ಬೆಳಕಲ್ಲಿ ಮುಳುಗಿಹೋಗಿರುತ್ತದೆ. ಎಡಿಟ್ ಮಾಡುವಾಗ ಆ ಹಸಿರನ್ನು ತೆಗೆದುಹಾಕುವವರಿದ್ದಾರೆ. ನಾನು ತೆಗೆಯುವುದಿಲ್ಲ. ಅಷ್ಟು ಕತ್ತಲಿನ ಜಾಗಕ್ಕೆ ಹೋಗಿದ್ದಕ್ಕೆ ಅದೇ ಸಾಕ್ಷಿ. 2024ರ ಮೇ 10-11ರ ರಾತ್ರಿ ಸೂರ್ಯನಿಂದ ಬಲವಾದ ಬಿರುಗಾಳಿ ಬಂದಾಗ ಇದೇ ಹಾನ್ಲೆಯಲ್ಲಿ ಆಕಾಶ ಕೆಂಪಗಾಗಿದ್ದು ಕ್ಯಾಮೆರಾಗಳಲ್ಲಿ ದಾಖಲಾಯಿತು.

ಬಣ್ಣದ ವಿಷಯ ಬಂದಾಗ ಒಂದು ಮಾತು. ಕಣ್ಣಿಗೆ ಆಕಾಶಗಂಗೆ ಬೂದುಬಿಳಿ, ಹಾಲು ಚೆಲ್ಲಿದ ಹಾಗೆ. ಮಂದ ಬೆಳಕಲ್ಲಿ ಕಣ್ಣಿನ ಬಣ್ಣ ಗುರುತಿಸುವ ಕೋಶಗಳು ಕೆಲಸ ಮಾಡುವುದಿಲ್ಲ. ಕ್ಯಾಮೆರಾ ತೋರಿಸುವ ಕಂದು, ಗುಲಾಬಿ ನಿಜವಾಗಿಯೂ ಅಲ್ಲಿವೆ. ನೇರಳೆ, ನೀಲಿ ಎಲ್ಲ ಝಗಝಗಿಸುವ ಚಿತ್ರ ಕಂಡರೆ ಅಷ್ಟೂ ಎಡಿಟಿಂಗ್ ಕೆಲಸ ಅಂದುಕೊಳ್ಳಿ. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು 4000 ಕೆಲ್ವಿನ್ ಆಸುಪಾಸು ಇಟ್ಟರೆ ನಂಬುವಂಥ ಬಣ್ಣ ಬರುತ್ತದೆ.

ನಾಯ್ಸ್ ಕಡಿಮೆ ಮಾಡಲು ಒಂದು ಒಳ್ಳೆಯ ಉಪಾಯ ಇದೆ. ಕ್ಯಾಮೆರಾ ಅಲುಗಾಡಿಸದೆ ಒಂದೇ ಚಿತ್ರವನ್ನು ಸಾಲಾಗಿ 16 ಸಲ ತೆಗೆಯಿರಿ. ನಕ್ಷತ್ರ ಎಲ್ಲದರಲ್ಲೂ ಇರುತ್ತದೆ. ನಾಯ್ಸ್ ಕಾಳುಗಳು ಒಂದೊಂದರಲ್ಲಿ ಒಂದೊಂದು ಕಡೆ ಇರುತ್ತವೆ. ಸೀಕ್ವೇಟರ್‌ನಂಥ ಉಚಿತ ತಂತ್ರಾಂಶ ಜರುಗಿದ ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆಯುತ್ತದೆ. 16 ಫೋಟೋ ಸೇರಿದರೆ ನಾಯ್ಸ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. 64 ಸೇರಿದರೆ ಎಂಟನೇ ಒಂದು ಭಾಗ. ಈಗಿನ ಕೆಲವು ಮೊಬೈಲ್‌ಗಳು ಆಕಾಶದ ಫೋಟೋಗೆ ನಾಲ್ಕು ನಿಮಿಷ ತಗೊಳ್ಳುವುದು ಇದಕ್ಕೇ. ಒಳಗೊಳಗೇ ಹದಿನಾರು ಸೆಕೆಂಡಿನ ಹದಿನೈದು ಚಿತ್ರಗಳನ್ನು ತೆಗೆದು ತಾವೇ ಸೇರಿಸುತ್ತವೆ. ಕ್ಯಾಮೆರಾ ಇಲ್ಲದವರು ಮೊಬೈಲನ್ನೇ ಟ್ರೈಪಾಡಿಗೆ ಕಟ್ಟಿ ಶುರು ಮಾಡಬಹುದು, ನಾಚಿಕೆ ಏನಿಲ್ಲ.

ಇದನ್ನೆಲ್ಲ ಮೊದಲ ಸಲ ಹಾನ್ಲೆಯಲ್ಲೇ ಕಲಿಯಬೇಡಿ. ಅಲ್ಲಿ ಬೆರಳು ಮರಗಟ್ಟಿರುತ್ತದೆ, ತಲೆ ಮಂಕಾಗಿರುತ್ತದೆ. ಯಾವ ಬಟನ್ ಎಲ್ಲಿದೆ ಅನ್ನುವುದು ಕಣ್ಣು ಮುಚ್ಚಿದರೂ ಗೊತ್ತಿರಬೇಕು. ಮನೆಯ ತಾರಸಿಯಲ್ಲಿ ಫೋಕಸ್ ಅಭ್ಯಾಸ ಮಾಡಿ, ಅದಕ್ಕೆ ಒಂದು ನಕ್ಷತ್ರ ಸಾಕು. ಒಂದು ಸಮಾಧಾನದ ಸಂಗತಿಯೂ ಇದೆ. ಆಕಾಶಗಂಗೆಯ ನಡುಭಾಗ ಹಾನ್ಲೆಗಿಂತ ಕರ್ನಾಟಕದಲ್ಲೇ ಎತ್ತರಕ್ಕೆ ಏರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಹಾನ್ಲೆಯಲ್ಲಿ ಅದು ಹೆಚ್ಚೆಂದರೆ ಮೂರು ಮುಷ್ಟಿಯಷ್ಟು ಮೇಲೆ ಬರುತ್ತದೆ. ನಮ್ಮಲ್ಲಿ ಐದು ಮುಷ್ಟಿಗೆ ಹತ್ತಿರ. ನಮಗಿಲ್ಲದ್ದು ಕತ್ತಲು ಮಾತ್ರ. ಮಾರ್ಚ್, ಏಪ್ರಿಲ್‌ನ ಬೆಳಗಿನ ಜಾವ ನಾಲ್ಕು ಗಂಟೆಗೆ, ಪೇಟೆಯಿಂದ ದೂರದ ಯಾವುದಾದರೂ ಕೆರೆ ಏರಿಯ ಮೇಲೆ ನಿಂತರೆ ಸಾಕಷ್ಟು ಕಾಣುತ್ತದೆ.

ಹಾನ್ಲೆಗೆ ಹೋಗುವಾಗ ದೇಹದ ಮಾತು ಕ್ಯಾಮೆರಾಕ್ಕಿಂತ ಮುಖ್ಯ. ವಿಮಾನದಲ್ಲಿ ಇಳಿದ ಲೇಹ್‌ನ ಎತ್ತರವೇ ಸುಮಾರು 3,500 ಮೀಟರ್. ಅಲ್ಲಿ ಕನಿಷ್ಠ ಎರಡು ದಿನ ಏನೂ ಮಾಡದೆ ಇರಿ. ಅವಸರ ಮಾಡಿ ನೇರ ಹಾನ್ಲೆಗೆ ಹೋದವರು ರಾತ್ರಿ ಆಕಾಶ ನೋಡುವ ಬದಲು ತಲೆ ಹಿಡಿದುಕೊಂಡು ಮಲಗುತ್ತಾರೆ. ತಲೆನೋವು, ವಾಂತಿ ಜಾಸ್ತಿಯಾಗುತ್ತಾ ಹೋದರೆ ಫೋಟೋ ಬಿಟ್ಟು ಕೆಳಗಿಳಿಯಬೇಕು. ಗಡಿ ಹತ್ತಿರದ ಜಾಗವಾದ್ದರಿಂದ ಯಾವ ಪರ್ಮಿಟ್ ಬೇಕು ಅಂತ ಮೊದಲೇ ವಿಚಾರಿಸಿಕೊಳ್ಳಿ. ಮೊಬೈಲ್ ನೆಟ್‌ವರ್ಕ್ ನಂಬಿ ಹೋಗಬೇಡಿ, ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪನ್ನು ಮೊದಲೇ ಇಳಿಸಿಕೊಳ್ಳಿ.

ಜೂನ್‌ನಲ್ಲೂ ರಾತ್ರಿ ಸೊನ್ನೆ ಡಿಗ್ರಿ ಹತ್ತಿರ ಹೋಗಬಹುದು. ಚಳಿಗೆ ಬ್ಯಾಟರಿ ಬೇಗ ಮಲಗುತ್ತದೆ. ಎರಡು ಮೂರು ಬ್ಯಾಟರಿ ತಗೊಂಡು ಹೋಗಿ, ಸ್ವೆಟರಿನ ಒಳಜೇಬಲ್ಲಿ ಮೈಗೆ ತಾಗುವ ಹಾಗೆ ಇಟ್ಟುಕೊಳ್ಳಿ. ಖಾಲಿಯಾಯಿತು ಅಂತ ತೆಗೆದಿಟ್ಟದ್ದು ಬೆಚ್ಚಗಾದ ಮೇಲೆ ಮತ್ತೆ ಒಂದಿಷ್ಟು ಹೊತ್ತು ನಡೆಯುತ್ತದೆ. ಗಾಳಿ ಜೋರಿದ್ದರೆ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆಯಬೇಡಿ, ಗಿಡ್ಡವಾಗಿಯೇ ನಿಲ್ಲಿಸಿ. ಗಾಳಿಗೆ ನೆಲದಿಂದ ಏಳುವ ಧೂಳಿನಲ್ಲಿ ಲೆನ್ಸ್ ಬದಲಾಯಿಸಲೇಬೇಡಿ.

ಬೆಳಗಿನ ಜಾವ ಮೂರೂವರೆಗೆ ಪೂರ್ವ ತಿಳಿಯಾಗತೊಡಗುತ್ತದೆ. ಕೆಲಸ ಮುಗಿಯಿತು. ಆದರೆ ಆಗಲೇ ಒಳಗೆ ಓಡಬೇಡಿ. ತಣ್ಣಗೆ ಕೊರೆಯುವ ಕ್ಯಾಮೆರಾವನ್ನು ಬೆಚ್ಚಗಿನ ಕೋಣೆಗೆ ತಂದರೆ, ಫ್ರಿಜ್‌ನಿಂದ ತೆಗೆದ ಬಾಟಲಿಯ ಮೇಲೆ ಕೂರುವ ಹಾಗೆ ಅದರ ಮೇಲೂ ಒಳಗೂ ನೀರಿನ ಹನಿ ಕೂರುತ್ತದೆ. ಹೊರಗೆ ಇರುವಾಗಲೇ ಮೆಮೊರಿ ಕಾರ್ಡ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಕ್ಯಾಮೆರಾವನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ, ಬ್ಯಾಗಿನಲ್ಲಿಟ್ಟು ಜಿಪ್ ಎಳೆಯಿರಿ. ಎರಡು ಗಂಟೆ ತೆರೆಯಬೇಡಿ. ನಾನಿದ್ದ ಮನೆಯ ಆಚೆ-ಲೇ, ಅಂದರೆ ನಮ್ಮ ಅಕ್ಕ ಇದ್ದ ಹಾಗೆ, ಅಷ್ಟು ಹೊತ್ತಿಗೇ ಎದ್ದು ಒಲೆ ಹಚ್ಚಿದ್ದರು. ಉಪ್ಪು, ಬೆಣ್ಣೆ ಹಾಕಿದ ಗುರ್‌ಗುರ್ ಚಾ ಬಟ್ಟಲಿಗೆ ಸುರಿದು ಕೊಟ್ಟು, "ಇವತ್ತು ಸರಿಯಾಗಿ ಬಂತಾ?" ಅಂತ ಹಿಂದಿಯಲ್ಲಿ ಕೇಳಿದರು. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ಮೊದಲ ಚಿತ್ರವನ್ನು ಪೂರ್ತಿ ಹಿಗ್ಗಿಸಿ ಅವರ ಕಡೆ ತಿರುಗಿಸಿದೆ. ಚೇಳಿನ ಕೊಂಡಿಯಲ್ಲಿ ಮೂಲಾ ಸೂಜಿಮೊನೆಯಷ್ಟೇ ಇತ್ತು.